ಬಿಸಿಯಾಗದ ಆಂಪ್ಲಿಫೈಯರ್

“ತಮ್ಮಾ, ಹಾಳಾದ್ದು ಕೊಟ್ಟೀಯಲಾ! ಇದು ಬಿಸಿನೇ ಆಗೂದಿಲ್ಲ.”

ಕೋಡಿಬಾಗದ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ, ಮೀನು ಮಾರುವ ಅಕ್ಕ ಕೆಟ್ಟುಹೋದ ಹಳೆಯದರ ಬದಲಿಗೆ ನಾನು ಕೊಟ್ಟಿದ್ದ ಹೊಸ ಆಂಪ್ಲಿಫೈಯರನ್ನು ಕುಕ್ಕಿದರು. ನನಗೆ ನಗು ಬಂತು. ಹಳೆಯದರ ಟ್ರಾನ್ಸಿಸ್ಟರುಗಳು ಅರ್ಧ ತೆರೆದ ನಲ್ಲಿಯ ಹಾಗೆ; ಸಾಕಷ್ಟು ಕರೆಂಟು ಶಾಖವಾಗಿ ವ್ಯರ್ಥವಾಗುತ್ತದೆ. ಹೊಸದರಲ್ಲಿ ಅವು ಸೆಕೆಂಡಿಗೆ ಲಕ್ಷಾಂತರ ಬಾರಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆ, ಅದಕ್ಕೇ ತಣ್ಣಗಿರುತ್ತದೆ ಎಂದು ವಿವರಿಸಿ, ಹಾಡು ಹಾಕಿ ಕೇಳಿಸಿದೆ.

“ಹಾಡು ಲಾಯ್ಕಾಗಿ ಕೇಳ್ತದೆ. ಆದ್ರೆ ಮಳೆಗಾಲದಲ್ಲಿ ಕಡ್ಡಿಪೆಟ್ಟಿಗೆ ಎಲ್ಲಿ ಒಣಗ್ಸೂದು? ಹಳೇದ್ರ ಮೇಲೇ ಇಡ್ತಿದ್ದೆ.”

ಮೂಲೆಯಲ್ಲಿದ್ದ ಅವರ ಹಳೆಯದನ್ನೇ ಸರಿಮಾಡಿ ಕೊಟ್ಟೆ. ಹೊಸದೇ ಉತ್ತಮ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಆದರೆ ನಾನು ವ್ಯರ್ಥವೆಂದ ಶಾಖದಿಂದಲೇ ಅವರ ಮನೆಯ ಒಲೆ ಹೊತ್ತುತ್ತಿತ್ತು.