ತಿಜೋರಿಯೊಳಗಿನ ಬನಶಂಕರಿ

ಇಟಾಸ್ಕಾದ ಹೋಟೆಲೊಂದರಲ್ಲಿ ಸ್ನೇಹಿತರ ಮಗಳ ಆರತಕ್ಷತೆ ಇದೆಯೆಂದು ಇವತ್ತು ಬೆಳಿಗ್ಗೆ ನನ್ನ ಮದುವೆಯ ಸೂಟು ಹೊರಗೆ ತೆಗೆದೆ. ಅದರ ಗುಂಡಿಗೂ ಕಾಜಕ್ಕೂ ನಡುವೆ ನನ್ನ ಹೊಟ್ಟೆ ಬಂದು ನಿಂತು ವರ್ಷಗಳಾದವು. ಆದರೂ ಆಗಾಗ ತೊಟ್ಟು ನೋಡುತ್ತೇನೆ; ಇಷ್ಟರಲ್ಲಿ ಬಟ್ಟೆಗೇ ಬುದ್ಧಿ ಬಂದಿರಬಹುದು ಎಂಬ ಆಸೆ. ಅಭ್ಯಾಸಬಲದಿಂದ ಒಳಜೇಬಿಗೆ ಕೈ ಹಾಕಿದರೆ ಬೆರಳ ತುದಿಗೆ ಕುಂಕುಮ ಹತ್ತಿತು. ಮೂಗಿನ ಹತ್ತಿರ ತಂದರೆ ಇನ್ನೂ ಗಂಧದ ವಾಸನೆ. ಆಬರ್ನ್ ಹಿಲ್ಸಿನಲ್ಲಿರುವ ಗೆಳೆಯ ಮಲ್ಲಣ್ಣನ ಬೇಸ್‌ಮೆಂಟ್ ಕಣ್ಣ ಮುಂದೆ ಬಂತು. ಸೂಟು ಹಿಡಿದುಕೊಂಡೇ ಮಂಚದ ಮೇಲೆ ಕೂತು ಒಬ್ಬನೇ ನಕ್ಕೆ.

ಮಲ್ಲಣ್ಣ ಗದಗಿನ ಕಡೆಯವನು, ಕಾರಿನ ಕಂಪನಿಯಲ್ಲಿ ಬ್ರೇಕಿನ ಎಂಜಿನಿಯರ್. ಬ್ರೇಕಿನವರ ಸ್ವಭಾವವೇ ಬೇರೆ, ಗಮನಿಸಿದ್ದೀರಾ? ನಾವು ಎಲ್ಲಿಗೆ ಹೋಗಬೇಕು ಎಂದು ಯೋಚಿಸುವಾಗ ಅವರು ಎಲ್ಲಿ ನಿಲ್ಲಬೇಕು ಎಂದು ಯೋಚಿಸುತ್ತಿರುತ್ತಾರೆ. ಇಂಥವನು ಆಫೀಸಿನವರ ಜೊತೆ ಸೇರಿ, ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಆಟ ಕಲಿತು ಬಂದೂಕು ಕೊಂಡನೆಂದು ಕೇಳಿದಾಗ ನನಗೆ ಎದೆ ಝಲ್ಲೆಂದಿತು. ನಾನು ಮೈಸೂರಿನವನು, ದಸರೆಯ ಕುಶಾಲತೋಪಿಗೂ ಕಿವಿ ಮುಚ್ಚಿಕೊಂಡೇ ಬೆಳೆದವನು.

ನೋಡಿದರೆ ಆಡಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಕ್ಲಾಸಿಗೆ ಹೋದ, ಪರೀಕ್ಷೆ ಬರೆದ. ಬೇಸ್‌ಮೆಂಟಿನ ನೆಲಕ್ಕೆ ಬೋಲ್ಟು ಹಾಕಿ ಆಳೆತ್ತರದ ಕಬ್ಬಿಣದ ತಿಜೋರಿ ಕೂರಿಸಿದ. ಬಂದೂಕು ಅದರಲ್ಲಿ. ಗುಂಡಿನ ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ, ಮನೆಯ ಇನ್ನೊಂದು ಮೂಲೆಯಲ್ಲಿ. ಖಾಲಿಯಿದೆ ಎಂದು ಗೊತ್ತಿದ್ದರೂ ಕೈಗೆತ್ತಿಕೊಂಡಾಗಲೆಲ್ಲ ತೆರೆದು ನೋಡುವುದು, ತೋಟಾ ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ಮುಟ್ಟಿ ನೋಡುವುದು. ಇದು ಎಲ್ಲಿಗೆ ಬಂತೆಂದರೆ, ಒಮ್ಮೆ ಗಣೇಶನ ಮಂಟಪಕ್ಕೆ ನಾನು ಗ್ಲೂ ಗನ್ನಿನಿಂದ ಥರ್ಮಾಕೋಲ್ ಅಂಟಿಸುತ್ತಿದ್ದೆ. ಯಾರೋ ಕರೆದರು, ಗನ್ನು ಹಿಡಿದೇ ತಿರುಗಿದೆ.

"ಏ ದೋಸ್ತಾ! ಬೆರಳು ತಗಿ! ಬಾಯಿ ಯಾರ ಕಡೆ ಐತಿ ನೋಡು ಮೊದಲ!" ಎಂದು ಮಲ್ಲಣ್ಣ ಕೂಗಿದ ರಭಸಕ್ಕೆ ದೇವಸ್ಥಾನದ ಭಟ್ಟರೂ ಕೈ ಮೇಲೆತ್ತಿದರು. ಅಂಟು ನನ್ನ ಪಂಚೆಯ ಮೇಲೆ ಬಿತ್ತು.

ತಿಜೋರಿಗೆ ಅಂಕಿಗಳ ಬಟನ್ ಬೀಗ. ಅದು ಕೆಟ್ಟರೆ ತೆರೆಯಲು ಒಂದು ಕೀಲಿ. ಆ ಕೀಲಿ ಮನೆಯಲ್ಲಿದ್ದರೆ ಮಗಳು ಅನು ಎಂದಾದರೂ ಹುಡುಕಿಯಾಳು ಎಂದು ಅದನ್ನು ತಂದು ನನ್ನ ಕೈಯಲ್ಲಿಟ್ಟ. ನಾನಿರುವುದು ಅರೋರಾದಲ್ಲಿ, ಅವನ ಮನೆಯಿಂದ ಹತ್ತಿರ ಹತ್ತಿರ ಮುನ್ನೂರು ಮೈಲಿ.

"ನನಗ್ಯಾಕೋ ಇದು?" ಎಂದೆ.

"ನಿನಗ ಬಂದೂಕಂದ್ರ ಅಂಜಿಕಿ. ಅಂಜಾವನ ಕಡೇನ ಕೀಲಿ ಇರಬೇಕು. ಎಲ್ಲಿಟ್ಟಿ ಅಂತ ಸುಮಾಗೂ ಹೇಳಬ್ಯಾಡ."

ಹೆಂಡತಿ ಸುಮಾಳಿಗೆ ಗೊತ್ತಿಲ್ಲದ ಜಾಗ ನಮ್ಮ ಮನೆಯಲ್ಲಿ ಎಲ್ಲಿದೆ ಹೇಳಿ? ಬಹಳ ಯೋಚಿಸಿ ಮದುವೆಯ ಸೂಟಿನ ಒಳಜೇಬಿಗೆ ಸೇರಿಸಿದೆ. ನಾನು ಆ ಸೂಟಿನೊಳಗೆ ಹಿಡಿಸುವ ದಿನ ಬರುವುದಿಲ್ಲವೆಂದು ಅವಳಿಗೆ ಪೂರ್ತಿ ನಂಬಿಕೆಯಿತ್ತು, ಆದ್ದರಿಂದ ಅದನ್ನು ಮುಟ್ಟುತ್ತಿರಲಿಲ್ಲ.

ಆ ವರ್ಷದ ನವರಾತ್ರಿಗೆ ಗದಗಿನಿಂದ ಮಲ್ಲಣ್ಣನ ಅವ್ವ ಬಂದಿದ್ದರು. ಎಂಬತ್ತರ ಆಸುಪಾಸು, ಸಕ್ಕರೆ ಕಾಯಿಲೆ, ನೆಟ್ಟಗಿನ ನಡೆ, ಅದಕ್ಕಿಂತ ನೆಟ್ಟಗಿನ ಮಾತು. ಸೀರೆಗಳ ನಡುವೆ ಸುತ್ತಿ ಬನಶಂಕರಿಯ ಬೆಳ್ಳಿ ಮುಖವನ್ನೂ ತಂದಿದ್ದರು. ಅದರ ಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದರಿಂದ ಸುಮಾ ಅರೋರಾದಲ್ಲೇ ಉಳಿದಳು, ಆಯುಧಪೂಜೆಗೆ ನಾನೊಬ್ಬನೇ ಡ್ರೈವ್ ಮಾಡಿಕೊಂಡು ಹೋದೆ.

ಕಾರುಗಳು, ಲ್ಯಾಪ್‌ಟಾಪು, ಮಿಕ್ಸಿ, ರೊಟ್ಟಿ ಲಟ್ಟಿಸುವ ಮೆಷಿನ್ನು, ಹಿಮ ಎತ್ತುವ ಮೆಷಿನ್ನು ಎಲ್ಲಕ್ಕೂ ಪೂಜೆಯಾಗುವುದಿತ್ತು. ಅವ್ವ ಸುತ್ತ ನೋಡಿ, "ಬಂದೂಕ ಎಲ್ಲೈತಿ?" ಎಂದರು.

"ಅದು ಬ್ಯಾಡವ್ವ."

"ರೊಟ್ಟಿ ಲಟ್ಟಿಸೋ ಮೆಷಿನ್ನಿಗೆ ಪೂಜಿ, ಖರೇ ಆಯುಧಕ್ಕ ಇಲ್ಲಂದ್ರ ದೇವಿ ನಗೂದಿಲ್ಲೇನು? ತಂದು ಜಗಲಿ ಮ್ಯಾಲ ಇಡು. ನಾಳೆ ಪೂಜಿ ಆಗೂತನಕ ಯಾರೂ ಮುಟ್ಟಬಾರದು."

ಇಲ್ಲಿ ಬಂತು ನೋಡಿ ತೊಡಕು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ, ಅದು ಅವ್ವನ ನಿಯಮ. ಬೀಗ ಹಾಕದ ಬಂದೂಕನ್ನು ಬಿಟ್ಟು ಬಚ್ಚಲಿಗೂ ಹೋಗುವಂತಿಲ್ಲ, ಅದು ಮಗನದು. ಸಂಜೆಗೆ ಅರಿಶಿನ ಕುಂಕುಮಕ್ಕೆ ಬರುವವರ ಮಕ್ಕಳೆಲ್ಲ ಮನೆ ತುಂಬ ಓಡಾಡುವವರು. ತಾಯಿ ಮಗ ಇಬ್ಬರೂ ಗದಗಿನವರು, ಒಂದಿಂಚು ಸರಿಯಲಿಲ್ಲ. ಕೊನೆಗೆ ಅವ್ವನೇ ದಾರಿ ತೆಗೆದರು.

"ಆಯುಧ ದೇವಿ ಕಡೆ ಬರೂದಿಲ್ಲಂದ್ರ, ದೇವೀನ ಅದರ ಕಡೆ ಕಳಸೂಣು."

ಹೀಗೆ ಬನಶಂಕರಿಯ ಬೆಳ್ಳಿ ಮುಖ ಬೇಸ್‌ಮೆಂಟಿಗೆ ಇಳಿಯಿತು. ತಿಜೋರಿಯೊಳಗೆ ಮೇಲಿನ ಹಲಗೆಯಲ್ಲಿ ದೇವಿ, ಕೆಳಗೆ ಖಾಲಿ ಬಂದೂಕು. ಅವ್ವ ದೂರದಿಂದಲೇ ಅದರ ಮೇಲೆ ಒಂದು ಹೂವು ಎಸೆದರು. ಬಾಗಿಲು ಮುಚ್ಚಿ, ಬೀಗ ಬಿತ್ತೆಂದು ಖಾತ್ರಿಮಾಡಿಕೊಂಡು ಮಲ್ಲಣ್ಣ ಟೈರಿನ ಕೆಳಗೆ ನಿಂಬೆಹಣ್ಣು ಇಡಲು ಮನೆ ಮುಂದಿನ ಡ್ರೈವ್‌ವೇಗೆ ಹೋದ. ನಾನೂ ಹಿಂದೆಯೇ ಹೋದೆ. ಹೋಗಬಾರದಿತ್ತು. ಮುಚ್ಚಿದ ಬಾಗಿಲಿಗೂ ಪೂಜೆಯಾಗಲಿ ಎಂದು ಅವ್ವ ಹೊಸ ಕಾರಿಗೆ ಮಾಡುವಂತೆ ಗಂಧ ತೇಯ್ದು, ಬೀಗದ ಒಂದೊಂದು ಬಟನ್ನಿಗೂ ಗಂಧ ಕುಂಕುಮ ಒತ್ತಿ, ಮೇಲೆ ಧಾರಾಳವಾಗಿ ತೆಂಗಿನಕಾಯಿಯ ನೀರು ಪ್ರೋಕ್ಷಿಸಿದ್ದರು.

ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮಾಡಿ ಮಡಿಯುಟ್ಟು ಕೆಳಗಿಳಿದರು. ಮಲ್ಲಣ್ಣ ಬಟನ್ ಒತ್ತಿದ. ತಿಜೋರಿ ತುಟಿ ಪಿಟಕ್ಕೆನ್ನಲಿಲ್ಲ. ಒರೆಸಿದ, ಬ್ಯಾಟರಿ ಬದಲಿಸಿದ, ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟ. ಊಹೂಂ. ಬೀಗದವನಿಗೆ ಫೋನ್ ಮಾಡಿದರೆ ಸೋಮವಾರ ಬರುತ್ತೇನೆಂದ. ಅದು ಶನಿವಾರ.

"ಅಜ್ಜೀ, ಯು ಲಾಕ್ಡ್ ಅಪ್ ಗಾಡ್?" ಎಂದಳು ಅನು.

ಅವ್ವ ಕುರ್ಚಿ ಎಳೆದು ತಿಜೋರಿಯ ಎದುರು ಕೂತುಬಿಟ್ಟರು. "ದೇವ್ರನ್ನ ಒಳಗ ಹಾಕಿ ನಾ ಉಣ್ಣಲೇನು? ಆಕಿ ಹೊರಗ ಬರಲಿ."

"ಅತ್ತೀ, ಒಂದು ವಾಟಗ ಹಾಲರ ತಗೋರಿ. ಶುಗರ್ ಇಳೀತೈತಿ," ಎಂದು ಸೊಸೆ ಗಿರಿಜಾ ಅಂಗಲಾಚಿದಳು. ಅವ್ವ ತಲೆಯಾಡಿಸಿದರು. ಸೋಮವಾರದವರೆಗೆ ಇವರು ಉಪವಾಸ ಕೂತರೆ ಆಸ್ಪತ್ರೆಯೇ ಗತಿ ಎಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಲ್ಲಣ್ಣನ ಮುಖ ಕಪ್ಪಿಟ್ಟಿತು. ಆಮೇಲೆ ಅವನಿಗೂ ನನಗೂ ಒಟ್ಟಿಗೇ ಕೀಲಿ ನೆನಪಾಯಿತು.

ಸುಮಾಳಿಗೆ ಫೋನ್ ಮಾಡಿದೆ. ಅರೋರಾದ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ, ಇನ್ನೂ ಮಲಗಿದ್ದಳು. ಗಾಬರಿಯಲ್ಲಿ ಸ್ಪೀಕರ್ ಹಾಕಿದ್ದೆನೆಂದು ಕಾಣುತ್ತದೆ.

"ನನ್ನ ಮದುವೆ ಸೂಟಿನ ಒಳಜೇಬಲ್ಲಿ ಒಂದು ಕೀ ಇದೆ ನೋಡು."

"ಆ ಸೂಟಲ್ಲಾ? ಅಯ್ಯೋ ರೀ, ಅದರೊಳಗೆ ನೀವೇ ಹೋಗಕ್ಕಾಗಲ್ಲ, ಕೀ ಹೆಂಗೆ ಹೋಯ್ತು?"

ಅಷ್ಟು ಸಂಕಟದಲ್ಲೂ ಅವ್ವ ಕಿಸಕ್ಕನೆ ನಕ್ಕರು. ಅವಳು ಅತ್ತಲಿಂದ, ನಾನು ಇತ್ತಲಿಂದ ಹೊರಟು ಅರ್ಧ ದಾರಿಯಲ್ಲಿ, ಕಲಮಜೂ ಹತ್ತಿರ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ಟಿನ ಪೆಟ್ರೋಲ್ ಬಂಕಿನಲ್ಲಿ ಸಂಧಿಸಿದೆವು. ಕೀಲಿ ಕೈಗಿಡುತ್ತಾ, "ಅವ್ವಂಗೆ ಏನೂ ಆಗದೆ ಇರ್ಲಿ. ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ," ಎಂದು ತಿರುಗಿ ಹೋದಳು.

ನಾನು ವಾಪಸ್ಸು ಬಂದಾಗ ಮಧ್ಯಾಹ್ನ ಇಳಿದಿತ್ತು. ಗಿರಿಜಾ ಆಗತಾನೆ ಅವ್ವನ ಬೆರಳು ಚುಚ್ಚಿ ನೋಡಿ ಅಳುಮುಖ ಮಾಡಿಕೊಂಡಿದ್ದಳು. ಅವ್ವ ಕುರ್ಚಿಯಲ್ಲೇ ಒರಗಿ ಕಣ್ಣು ಮುಚ್ಚಿದ್ದರು. ಮಲ್ಲಣ್ಣ ಕೀಲಿ ತಿರುಗಿಸಿದ, ಬಾಗಿಲು ತೆರೆಯಿತು. ದೇವಿ ಅಲ್ಲೇ, ಕಣ್ಣೆದುರಿಗೇ ಇದ್ದಳು. ಆದರೆ ಆ ಪುಣ್ಯಾತ್ಮ ದೇವಿಗೆ ಕೈ ಹಾಕಲಿಲ್ಲ. "ಅನೂ, ಮ್ಯಾಲ ಹೋಗು. ಎಲ್ಲಾರೂ ನನ್ನ ಹಿಂದ ಸರೀರಿ," ಎಂದ. ಬಂದೂಕಿನ ಮೇಲಿದ್ದ ಬಾಡಿದ ಹೂವು ತೆಗೆದ. ಬಾಯನ್ನು ಕಾಂಕ್ರೀಟ್ ಗೋಡೆಯ ಕಡೆಗೇ ಇಟ್ಟು ಎತ್ತಿಕೊಂಡ, ತೆರೆದ, ಇಣುಕಿದ, ಕಿರುಬೆರಳು ಹಾಕಿದ.

ನನಗೆ ಸಿಟ್ಟು ನೆತ್ತಿಗೇರಿತು. "ಖಾಲಿ ಅಂತ ನಿನ್ನೆ ನೀನೇ ನೋಡಿದೀಯಲ್ಲೋ! ಅವ್ವನ ಜೀವ ಹೋಗ್ತಿದೆ, ಮೊದಲು ದೇವರನ್ನ ಕೊಡೋ ಮಾರಾಯಾ!"

ಅವನ ಕಣ್ಣಲ್ಲಿ ನೀರು. ಕೈ ಮಾತ್ರ ಅವಸರ ಮಾಡಲಿಲ್ಲ.

"ಬೈಬ್ಯಾಡೋ ಅವಗ," ಎಂದರು ಅವ್ವ, ಕುರ್ಚಿಯಿಂದಲೇ. "ನಾನೂ ದಿನಾ ತೊಳದ ದೇವ್ರನ್ನ ದಿನಾ ತೊಳೀತೀನಿ. ನಿನ್ನೆ ತೊಳದೀನಿ ಅಂತ ಬಿಡ್ತೀನೇನು? ಮಾಡ್ಲಿ ಬಿಡು, ಸಾವಕಾಶ ಮಾಡ್ಲಿ."

ಮಲ್ಲಣ್ಣ ಬಂದೂಕನ್ನು ಒಳಗಿಟ್ಟು, ಬೆಳ್ಳಿ ಮುಖವನ್ನು ಎರಡೂ ಕೈಯಲ್ಲಿ ಎತ್ತಿ ಅವ್ವನ ಮಡಿಲಿಗಿಟ್ಟು, ತಿಜೋರಿಗೆ ಮತ್ತೆ ಬೀಗ ಹಾಕಿದ. ಅವ್ವ ಅಲ್ಲೇ ಎರಡು ಹೂವೇರಿಸಿ ಗಿರಿಜಾಳ ಕೈಯಿಂದ ಹಾಲು ತೆಗೆದುಕೊಂಡರು. ಮಲ್ಲಣ್ಣ ನೆಲದ ಮೇಲೆ ಕೂತು ಅತ್ತ. ನಾನೂ ಅತ್ತೆ, ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ. ಹಾಲು ಮುಗಿಸಿದ ಅವ್ವ ಉಳಿದ ಗಂಧ ಕುಂಕುಮವನ್ನು ಕೀಲಿಗೆ ಹಚ್ಚಿ ನನಗೆ ಕೊಟ್ಟರು. "ಬರೂ ವರ್ಷದಿಂದ ಇದಕ್ಕ ಪೂಜಿ ಮಾಡು, ಸಾಕು."

ಅರೋರಾದ ಮನೆಗೆ ಬಂದು ಕೀಲಿಯನ್ನು ಮತ್ತೆ ಸೂಟಿನ ಜೇಬಿಗೇ ಹಾಕಿದೆ. ಮರುದಿನ ಮಲ್ಲಣ್ಣನ ಫೋನು.

"ಎಲ್ಲಿಟ್ಟಿ?"

"ಅಲ್ಲೇ, ಸೂಟಿನ..."

"ಹುಚ್ಚಪ್ಯಾಲಿ! ಸ್ಪೀಕರದಾಗ ಹೇಳೀದಿ, ನನ್ನ ಮಗಳಿಗೂ ಗೊತ್ತಾಗೇತಿ. ಜಾಗಾ ಬದಲಿ ಮಾಡು. ಮತ್ತ ಯಾರರ ಕೇಳಿದ್ರ ಹೇಳಬ್ಯಾಡ, ನಾ ಕೇಳಿದ್ರೂ!"

ಅಂದೇ ಬದಲಾಯಿಸಿದೆ. ಜೇಬಿನಲ್ಲಿ ಉಳಿದದ್ದು ಈ ಕುಂಕುಮ ಮಾತ್ರ.

ಇಷ್ಟೆಲ್ಲ ನೆನೆಯುತ್ತಾ ಕೂತಿದ್ದಾಗ ಫೋನ್ ರಿಂಗಾಯಿತು. ಗದಗಿನಿಂದ ಅವ್ವ, ವಿಡಿಯೋದಲ್ಲಿ. ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಪರದೆಯ ತುಂಬ ಬರೀ ಹಣೆಯ ವಿಭೂತಿ. ಹೆಸರುಗಳು ಮರೆಯುತ್ತವೆ, ನನ್ನನ್ನು ಒಮ್ಮೊಮ್ಮೆ ಅವರ ತಮ್ಮನ ಹೆಸರಿನಿಂದ ಕರೆಯುತ್ತಾರೆ. ಆದರೆ ಫೋನ್ ಮಾಡಿದಾಗಲೆಲ್ಲ ತಪ್ಪದ ಪ್ರಶ್ನೆ ಒಂದಿದೆ.

"ಏ ತಮ್ಮಾ, ಕೀಲಿ ಎಲ್ಲಿಟ್ಟೀಯೋ?"

"ಹೇಳಲ್ಲ ಅವ್ವಾ."

"ನನಗೂ?"

"ನಿಮಗೂ ಇಲ್ಲ."

"ಶಾಣ್ಯಾ ಅದಿ," ಎಂದು ಬೊಚ್ಚುಬಾಯಿ ತುಂಬ ನಕ್ಕು ಫೋನಿಟ್ಟರು. ನನ್ನನ್ನು ಶಾಣ್ಯಾ, ಅಂದರೆ ಜಾಣ, ಎನ್ನುವವರು ಈ ಭೂಮಿಯ ಮೇಲೆ ಅವರೊಬ್ಬರೇ.

ಎದ್ದು ಸೂಟು ತೊಟ್ಟು ನೋಡಿದೆ. ಸುಮಾ ಕೋಣೆಗೆ ಬಂದು, ಉಸಿರು ಬಿಗಿಹಿಡಿದು ನಿಂತ ನನ್ನನ್ನು ನೋಡಿ, "ಸಾಕು ಬಿಡಿ, ಇವತ್ತೇ ಅದನ್ನ ಡೊನೇಷನ್ನಿಗೆ ಹಾಕಿಬಿಡ್ತೀನಿ. ಜೇಬಲ್ಲಿ ಏನೂ ಇಲ್ಲ ತಾನೆ?" ಎಂದಳು.

ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಮತ್ತೊಮ್ಮೆ ಕೈ ಹಾಕಿ, ಕಿರುಬೆರಳನ್ನು ಮೂಲೆಯವರೆಗೂ ತೂರಿಸಿ, ಸಾವಕಾಶವಾಗಿ ಮುಟ್ಟಿ ನೋಡಿದೆ. ಆಮೇಲೆ ಬಿಚ್ಚಿ ಕೊಟ್ಟೆ. ಕೀಲಿ ಎಲ್ಲಿದೆ ಅಂತೀರಾ? ಇಷ್ಟು ಹೊತ್ತು ಜೊತೆಗೆ ಕೂತು ಕೇಳಿದಿರಿ, ನಿಜ. ನಿಮಗೂ ಹೇಳುವುದಿಲ್ಲ.