ನಾನು ಸಾಕಿದ ಡಯಾಟಮ್‌ಗಳು

ಸಮುದ್ರದ ಸೂಕ್ಷ್ಮಜೀವಿಗಳನ್ನು ಓದಿದವಳಿಗೆ ದೆಹಲಿಯಲ್ಲೇನು ಕೆಲಸ ಎಂದು ಕೇಳದವರಿಲ್ಲ. ಕೆಲಸ ಇಲ್ಲಿ ಸಿಕ್ಕಿತು, ಬಂದೆ, ಅಷ್ಟೇ. ಉಪ್ಪುನೀರು ಮಾತ್ರ ಕರಾವಳಿಯದು. ನಾನು ದೋಸೆ ತಿನ್ನುವ ಹೋಟೆಲಿನ ಯಜಮಾನರು ಊರಿಗೆ ಹೋದಾಗಲೆಲ್ಲ ರೈಲಿನಲ್ಲಿ ಎರಡು ಕ್ಯಾನ್ ತಂದುಕೊಡುತ್ತಿದ್ದರು. "ಇದ್ರಲ್ಲಿ ಸಾರು ಮಾಡ್ತೀರಾ ಮೇಡಂ?" ಎಂದು ಪ್ರತಿ ಸಲವೂ ನಗುತ್ತಿದ್ದರು.

ಆ ನೀರಿನಲ್ಲಿ ಡಯಾಟಮ್ ಸಾಕಿದೆ. ಗಾಜಿನಂಥ ಚಿಪ್ಪಿನೊಳಗೆ ಬದುಕುವ ಒಂಟಿ ಜೀವಕೋಶ ಅದು, ಬರಿಗಣ್ಣಿಗೆ ಕಾಣದು. ಬೆಳಕು ಹೀರಿ ಆಮ್ಲಜನಕ ಬಿಡುತ್ತದೆ. ಎಷ್ಟು ಬೆಳಕಿಗೆ ಎಷ್ಟು ಎಂದು ಅಳೆಯುವುದರಲ್ಲೇ ನನ್ನ ತಲೆ ನರೆಯಿತು. ಅವು ಬೆಳೆಯುವ ಗಾಜಿನ ಫ್ಲಾಸ್ಕನ್ನು ಬೆಳಿಗ್ಗೆ ಸಂಜೆ ಲ್ಯಾಬಿಗೆ ಹೋಗಿ ಅಲುಗಿಸುತ್ತಿದ್ದೆ, ಭಾನುವಾರವೂ. ಗಂಡ ತೀರಿಕೊಂಡ ಮೇಲೆ ನೋಯ್ಡಾದ ಮಗಳು "ಶನಿವಾರ ಬಂದು ಎರಡು ದಿನ ಇರಮ್ಮಾ" ಎಂದು ಕರೆದಾಗಲೆಲ್ಲ ಇದನ್ನೇ ಮುಂದಿಟ್ಟೆ. ನಿಜ ಹೇಳಬೇಕೆಂದರೆ ಎರಡು ದಿನ ಬಿಟ್ಟಿದ್ದರೆ ಅವು ಸಾಯುತ್ತಿರಲಿಲ್ಲ. ಅಳಿಯನ ಮನೆಯಲ್ಲಿ ಹೊರೆಯಾಗುವ ಭಯ ನನಗೆ. ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಅನ್ನ ಬೇಯಿಸಿಕೊಂಡು, ನಾನಿಲ್ಲದೆ ಬದುಕದ ಜೀವವೊಂದಿದೆ ಎಂದುಕೊಳ್ಳುವುದು ಹಿತವಾಗಿತ್ತು.

ನಿವೃತ್ತಿಗೆ ಕೆಲವೇ ವಾರ ಉಳಿದಿದ್ದವು. ಡಯಾಟಮ್ ಎಣಿಸಬೇಕಾದರೆ ಮೊದಲು ಕೊಲ್ಲಬೇಕು. ಫ್ಲಾಸ್ಕಿನಿಂದ ಸ್ವಲ್ಪ ನೀರನ್ನು ಪುಟ್ಟ ಸೀಸೆಗೆ ತೆಗೆದು ಅಯೋಡಿನ್ ಹಾಕಿದರೆ ಅವು ಕದಲದೆ ತಳಕ್ಕೆ ಕೂರುತ್ತವೆ. ಸಾವಿರಾರು ಸಲ ಮಾಡಿದ ಕೆಲಸ. ಅವತ್ತು ಏನು ಯೋಚಿಸುತ್ತಿದ್ದೆನೋ, ಕೈ ತನ್ನ ಪಾಡಿಗೆ ತಾನು ಹೋಗಿ ಅಯೋಡಿನ್ನನ್ನು ಫ್ಲಾಸ್ಕಿಗೇ ಹಾಕಿತು. ಮೀಸಲಿಗೆಂದು ಇಟ್ಟಿದ್ದ ಇನ್ನೊಂದು ಫ್ಲಾಸ್ಕು ಬೇಸಿಗೆಯಲ್ಲಿ ಲ್ಯಾಬಿನ ಏಸಿ ಕೆಟ್ಟಾಗಲೇ ಸೆಕೆಗೆ ಸತ್ತುಹೋಗಿತ್ತು. ಮತ್ತೊಂದು ಮಾಡಿಡದೆ ಸೋಮಾರಿತನ ಮಾಡಿದವಳು ನಾನೇ.

ನೀರು ಕಡು ಚಹಾದ ಬಣ್ಣಕ್ಕೆ ತಿರುಗಿತು. ಸ್ಟೂಲಿನ ಮೇಲೆ ಕೂತು ಅತ್ತೆ. ಪಕ್ಕದ ಕೋಣೆಯವರು ಊಟಕ್ಕೆ ಹೋಗಿದ್ದರು, ಯಾರೂ ಕೇಳಲಿಲ್ಲ. ಅತ್ತು ಮುಗಿದ ಮೇಲೆ ಮಗಳಿಗೆ ಫೋನ್ ಮಾಡಿದೆ.

"ಎಲ್ಲಾ ಸತ್ತುಹೋಯ್ತು ಕಣೇ. ನನ್ನ ಕೈಯಾರೆ."

"ಅಚ್ಛಾ? ಅಯ್ಯೋ ಅಮ್ಮಾ, ಸೋ ಸ್ಯಾಡ್. ಚಲೋ, ಇನ್ನು ನೀನು ಫ್ರೀ ಅಲ್ವಾ."

ಹೌದು ಎಂದೆ. ಫೋನನ್ನು ಕಿವಿಗೆ ಒತ್ತಿಕೊಂಡು ಕಾದೆ. ಅವಳ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. "ಆಮೇಲೆ ಮಾತಾಡ್ತೀನಿ ಅಮ್ಮಾ" ಎಂದು ಇಟ್ಟಳು. ಈ ಶನಿವಾರ ಬರಲಾ ಎಂದು ನಾನೇ ಕೇಳಬಹುದಿತ್ತು. ಅಷ್ಟು ವರ್ಷ ಆಗುವುದಿಲ್ಲ ಎಂದ ಬಾಯಿಗೆ ಆ ಮಾತು ಬರಲಿಲ್ಲ.