ಅವ್ವ ಕರಡಿಗೆ ತೆಗೆದ ದಿನ

ಬೆಳಗಾವಿಗೆ ಹೊರಡುವ ಹಿಂದಿನ ದಿನ ಅವ್ವ ಹೂಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿದಳು. ಕೆಮ್ಮು ಬಂದಾಗ ನಿಲ್ಲಿಸುವಳು, ಮತ್ತೆ ಸುಲಿಯುವಳು. ಎದೆಯೊಳಗಿನ ಗಡ್ಡೆ ಕ್ಯಾನ್ಸರ್ ಎಂದು ಆಗಲೇ ಗೊತ್ತಾಗಿತ್ತು. ಒಂದೇ ಕಡೆ ಇದ್ದರೆ ಆಪರೇಷನ್, ಹಬ್ಬಿದ್ದರೆ ಇಲ್ಲ; ಸಿಟಿ ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ ಎಂದಿದ್ದರು ಡಾಕ್ಟರು.

ಬೆಳಿಗ್ಗೆ ಸವದತ್ತಿಗೆ ಬಂದು, ಬೈಲಹೊಂಗಲದ ಮೇಲೆ ಹೋಗುವ ಬೆಳಗಾವಿ ಬಸ್ಸು ಹಿಡಿದೆವು. ಹೆಂಗಸರಾದ್ದರಿಂದ ಇಬ್ಬರೂ ಟಿಕೆಟ್ಟಿಗೆ ದುಡ್ಡು ಕೊಡಬೇಕಿರಲಿಲ್ಲ. ಬಿಸಿಲು ಇನ್ನೂ ಏರಿರಲಿಲ್ಲ. ಬೈಲಹೊಂಗಲದಲ್ಲಿ ಮಿರ್ಚಿ ಕರಿಯುವ ವಾಸನೆ ಬಂತು. ಸ್ಕ್ಯಾನ್ ಆಗುವವರೆಗೆ ಅವ್ವ ಏನೂ ತಿನ್ನುವಂತಿರಲಿಲ್ಲ.

“ನೀ ತಿನ್ನವಾ ಗಂಗಾ. ನಿನ್ನ ಫೋಟೋ ಯಾರೂ ತಗಿಯಂಗಿಲ್ಲ,” ಎಂದಳು.

ನಾನೂ ಕೊಳ್ಳಲಿಲ್ಲ.

ಬೆಳಗಾವಿಯ ಸ್ಕ್ಯಾನಿಂಗ್ ಕೇಂದ್ರದೊಳಗೆ ಚಳಿಯಿತ್ತು. ಬೆಂಡೋಲೆ ತೆಗೆಸಿದ ನರ್ಸು, ಅವ್ವನ ಎದೆಯ ಮೇಲೆ ದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆ ತೋರಿಸಿದಳು.

“ಅಜ್ಜಿ, ಇದನ್ನೂ ತಗೀಬೇಕ್ರಿ. ಬೆಳ್ಳಿ ಅಡ್ಡ ಬಂದ್ರ ಒಳಗಿಂದು ಸರಿ ಕಾಣೂದಿಲ್ಲ.”

“ಇದರಾಗ ನನ್ನ ಲಿಂಗ ಐತವ್ವಾ. ಜೀವ ಇರೂತನಕ ಮೈ ಬಿಟ್ಟು ಇಡಂಗಿಲ್ಲ.”

ಅವ್ವ ಎದ್ದು ಚಪ್ಪಲಿ ಹುಡುಕತೊಡಗಿದಳು. ಹೊರಟೇಬಿಡುತ್ತಾಳೆಂದು ನನಗೆ ಗಾಬರಿ. “ಅವ್ವಾ, ನಿನ್ನ ಕಾಲ ಬೀಳತೇನಿ,” ಎಂದೆ.

“ಸುಮ್ಮಿರ ನೀ,” ಎಂದವಳು ನರ್ಸನ್ನು ಕೇಳಿದಳು, “ಒಳಗ ನನ್ನ ಕೈ ಎಲ್ಲಿ ಇರತಾವ?”

“ತಲಿ ಮ್ಯಾಲ ಚಾಚಬೇಕ್ರಿ. ಕೈ ಫೋಟೋದಾಗ ಬರೂದಿಲ್ಲ.”

“ಹಂಗಾರ ಅಂಗೈಯಾಗ ಹಿಡಕೋತೇನಿ. ಮೈ ಬಿಟ್ಟಂಗ ಆಗಲಿಲ್ಲಲ್ಲ.”

ನರ್ಸು ನಕ್ಕು ಒಪ್ಪಿದಳು. ಅವ್ವ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಖಾಲಿ ಕರಡಿಗೆಯನ್ನು ನನಗೆ ಕೊಟ್ಟಳು. ಅದು ಅಷ್ಟು ಹಗುರವೆಂದು ನನಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚುವ ಮುಂಚೆ ನೋಡಿದೆ: ಅವ್ವ ಕಣ್ಣು ಮುಚ್ಚಿ ಮಲಗಿದ್ದಳು, ಎಡಗೈ ಬಿಗಿದಿತ್ತು. ಅಪ್ಪನನ್ನು ಸಮಾಧಿಯಲ್ಲಿ ಕೂರಿಸಿದಾಗಲೂ ಲಿಂಗವನ್ನು ಎಡಗೈಯಲ್ಲೇ ಇಟ್ಟಿದ್ದರು. ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತೆ.

“ಸೂಜಿಯಾಗ ಔಷಧ ಬಿಟ್ಟಕೂಡ್ಲೆ ಮೈಯೆಲ್ಲ ಬಿಸಿ ಆತು. ಅರವಿ ಒದ್ದಿ ಆತೇನೋ ಅಂತ ಅಂಜಿದ್ದೆ ನೋಡ,” ಎಂದು ನಗುತ್ತಲೇ ಹೊರಬಂದಳು. ಕರಡಿಗೆಗೆ ಕೈ ಚಾಚಿದಳು. ನಾನು ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ಅದರ ಗುರುತು ಮೂಡಿತ್ತು.

ಸಂಜೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಲಿವರಿಗೂ ಹಬ್ಬಿತ್ತು. ಆಪರೇಷನ್ ಆಗುವುದಿಲ್ಲ ಎಂದರು.

ಮರಳುವಾಗ ಬೈಲಹೊಂಗಲದಲ್ಲಿ ಅವ್ವ ಕೇಳಿ ಮಿರ್ಚಿ ತಿಂದಳು. “ಡಾಕ್ಟರ ಏನಂದ್ರು ಅಂತ ನಾ ಕೇಳಂಗಿಲ್ಲ. ನೀನೂ ಹೇಳಬ್ಯಾಡ,” ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನನ್ನು ಅಪ್ಪನ ಪಕ್ಕದಲ್ಲಿ ಕೂರಿಸಿದೆವು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು. ಕರಡಿಗೆ ನನ್ನ ಬಳಿ ಇದೆ. ಅದರಲ್ಲಿ ಲಿಂಗವಿಲ್ಲ.